ಅಮ್ಮನ ಮದುವೆಯ ಶನಿವಾರ

ಅಮ್ಮನ ಎರಡನೇ ಮದುವೆಗೆ ಎಲ್ಲರಿಗಿಂತ ಮೊದಲು ಒಪ್ಪಿದವಳು ಪಾಪು. ಇಪ್ಪತ್ನಾಲ್ಕು ತುಂಬಿ, ಸಮುದ್ರದ ನೀರನ್ನು ಕುಡಿಯುವ ನೀರಾಗಿಸುವ ವಿದ್ಯೆ ಕಲಿಯಲು ಪರದೇಶದ ಈ ಬಂದರು ಊರಿಗೆ ಬಂದು ಕೂತಿದ್ದರೂ ಮನೆಯವರ ಬಾಯಲ್ಲಿ ಅವಳು ಇನ್ನೂ ಪಾಪುವೇ. ಅಮ್ಮ ಫೋನಿನಲ್ಲಿ ಸುತ್ತಿ ಬಳಸಿ, ಶಾಲೆಯ ಕಾಂಪೌಂಡು, ಹೊಸ ಹೆಡ್‌ಮೇಡಂ, ತನ್ನ ಮಂಡಿನೋವು ಎಲ್ಲವನ್ನೂ ದಾಟಿ ಕೊನೆಗೆ ವಿಷಯಕ್ಕೆ ಬಂದಾಗ, ಪಾಪು ತಡಮಾಡದೆ "ಒಳ್ಳೇದಾಯ್ತಲ್ಲಮ್ಮ, ಮಾಡ್ಕೋ" ಎಂದುಬಿಟ್ಟಳು. ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸಿ ಇದು ಆಗಬಹುದಾ ಅಂತ ಕೇಳಿದರೆ ಹೇಳುತ್ತಾರಲ್ಲ, ಅಷ್ಟೇ ಸಲೀಸಾಗಿ. ಆ ಕಡೆ ಅಮ್ಮ ಮತ್ತೆ ಮಂಡಿನೋವಿಗೇ ಹಿಂತಿರುಗಿದಳು. ವಾದಕ್ಕೆ ಸೊಂಟ ಕಟ್ಟಿಕೊಂಡು ಬಂದವಳಿಗೆ ಎದುರಾಳಿಯೇ ಇಲ್ಲದಂತಾಗಿತ್ತು.

ವರ ಹೊಸಬರೇನಲ್ಲ. ಬಸ್‌ ನಿಲ್ದಾಣದ ಪಕ್ಕದ ಕನ್ನಡಕದ ಅಂಗಡಿಯವರು. ಪಾಪುವಿಗೆ ಮೊದಲ ಕನ್ನಡಕ ಹಾಕಿದವರೂ ಅವರೇ. ಆಗಿನಿಂದ ಅವಳಿಗೆ ಅವರು ಕನ್ನಡಕದ ಅಂಕಲ್. ವಯಸ್ಸಾದ ತಾಯಿಯನ್ನು ನೋಡಿಕೊಳ್ಳುತ್ತ ಮದುವೆಯ ವಯಸ್ಸು ದಾಟಿಸಿಕೊಂಡಿದ್ದ ಮನುಷ್ಯ. ತಾಯಿ ಹೋದಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲೇ ಇದ್ದರು. ಅಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಟೀಚರ್. ವರ್ಷಕ್ಕೆ ಒಂದೆರಡು ಸಲವಾದರೂ ಯಾವಳೋ ಎಸೆದ ಚೆಂಡು ಸುತ್ತಮುತ್ತ ಇಷ್ಟು ಜಾಗ ಬಿಟ್ಟು ಅಮ್ಮನ ಕನ್ನಡಕದ ಮೇಲೇ ಬಂದು ಬೀಳುತ್ತಿತ್ತು. ಹಾಗೆ ಬೆಳೆದ ಪರಿಚಯ. ಅಪ್ಪ ತೀರಿಕೊಂಡು ಹತ್ತು ವರ್ಷವಾಗಿತ್ತು. ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತ ಕೂತಿದ್ದವನು ಕೂತಲ್ಲೇ ಒರಗಿದ್ದ. ಅಂಗಡಿಯನ್ನು ಈಗ ಯಾರೋ ಮೊಬೈಲ್ ರಿಪೇರಿಯವರು ನಡೆಸುತ್ತಿದ್ದಾರೆ.

"ಶನಿವಾರ ರಿಜಿಸ್ಟ್ರಾರ್ ಆಫೀಸಲ್ಲಿ. ಬರ್ತೀಯಾ?" ಎಂದು ಅಮ್ಮ ಕೇಳಿದಾಗ ಪಾಪುವಿನ ಬಾಯಿಂದ ಇನ್ನೊಂದು ಮಾತು ಜಾರಿತು. "ಸೋಮವಾರ ಪರೀಕ್ಷೆ ಇದೆಯಲ್ಲಮ್ಮ."

ಪರೀಕ್ಷೆ ಗಿರೀಕ್ಷೆ ಏನೂ ಇರಲಿಲ್ಲ. ಸೋಮವಾರ ಕಾಲೇಜಿಗೇ ರಜೆ. ಯಾಕೆ ಹಾಗೆ ಹೇಳಿದೆ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಹೋಗಬಾರದು ಅಂತಲೂ ಅನ್ನಿಸಿರಲಿಲ್ಲ, ಹೋಗಬೇಕು ಅಂತಲೂ ಅನ್ನಿಸಿರಲಿಲ್ಲ.

ಹೀಗಾಗಿ ಅಮ್ಮನ ಮದುವೆಯ ಶನಿವಾರ ಬೆಳಗಾದಾಗ ಪಾಪುವಿನ ಮುಂದೆ ಮೂರು ದಿನದ ಖಾಲಿ ಬಿಡುವು ಬಿದ್ದುಕೊಂಡಿತ್ತು. ಎದ್ದಳು, ಹಲ್ಲುಜ್ಜಿದಳು, ಬಾತ್‌ರೂಮಿನ ಕನ್ನಡಿಯಲ್ಲಿ ಮುಖ ನೋಡಿಕೊಂಡಳು. ಇವತ್ತು ನಮ್ಮಮ್ಮನ ಮದುವೆ, ಎಂದು ಬಾಯಿಬಿಟ್ಟು ಹೇಳಿ ನೋಡಿದಳು. ಏನೂ ಆಗಲಿಲ್ಲ. ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕೂತಮೇಲೆ ಕಾಲಿಗೆ ಜೋಮು ಹಿಡಿದಾಗ ಬೆರಳಿಂದ ಒತ್ತಿ ನೋಡುತ್ತೇವಲ್ಲ, ಕಾಲು ನಮ್ಮದೇ, ಒತ್ತಿದ್ದು ಮಾತ್ರ ಗೊತ್ತಾಗುವುದಿಲ್ಲ, ಹಾಗಿತ್ತು. ಬಾಯಿ ಮುಕ್ಕಳಿಸಿ, ವಾರದ ಬಟ್ಟೆಯನ್ನೆಲ್ಲ ಮೆಶಿನ್ನಿಗೆ ಹಾಕಿದಳು.

ಅವಳು ಬಾಡಿಗೆಗಿದ್ದದ್ದು ತನ್ನದೇ ಭಾಷೆಯ ಒಬ್ಬ ಹೆಂಗಸಿನ ಮನೆಯ ಮಹಡಿ ಕೋಣೆಯಲ್ಲಿ. ವೃದ್ಧಾಶ್ರಮದಲ್ಲಿ ನರ್ಸ್ ಆಗಿದ್ದ ಆಕೆಯನ್ನು ಪಾಪು ಮೊದಲ ವಾರದಿಂದಲೇ ಅಕ್ಕ ಎನ್ನುತ್ತಿದ್ದಳು. ಅಕ್ಕನ ಗಂಡ ಹಡಗಿನಲ್ಲಿ ಅಡುಗೆಯವನು. ವರ್ಷದಲ್ಲಿ ಬಹುಪಾಲು ನೀರಿನ ಮೇಲೆ. ಉಳಿದಷ್ಟು ದಿನ ನೆಲದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ. ಅಕ್ಕ ಎಂದಮೇಲೆ ಅವನು ಭಾವನಾದ. ಭಾವ ಎನಿಸಿಕೊಂಡಮೇಲೆ ಅವನು ಪಾಪುವನ್ನು ನಾದಿನಿ ಅಂತಲೇ ಕರೆಯಲು ಶುರುಮಾಡಿದ. ಮೂರು ಜನಕ್ಕೆ ಅನ್ನ ಮಾಡು ಎಂದರೆ ಮೂವತ್ತು ಜನಕ್ಕಾಗುವಷ್ಟು ಮಾಡುವುದು ಅವನ ಅಭ್ಯಾಸ. ಅವನು ರಜೆಗೆ ಬಂದನೆಂದರೆ ಫ್ರಿಜ್ಜಿನ ಬಾಗಿಲು ಮುಚ್ಚುತ್ತಿರಲಿಲ್ಲ.

ಆ ಶನಿವಾರ ಅಕ್ಕನಿಗೆ ಡ್ಯೂಟಿ. ಪಾಪು ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಕೆಳಗೆ ಬಂದಾಗ ಭಾವ ಅಡುಗೆಮನೆಯ ಡ್ರಾಯರುಗಳನ್ನೆಲ್ಲ ಹೊರಗೆಳೆದು ಚಮಚಗಳನ್ನು ಅಳತೆಯ ಪ್ರಕಾರ ಜೋಡಿಸುತ್ತಿದ್ದ.

"ಅಕ್ಕ ಬಂದು ಬೈತಾರೆ ಭಾವ," ಎಂದಳು.

"ಬೈಲಿ. ಬೈಸಿಕೊಳ್ಳೋಕೂ ಒಂದು ಕೆಲಸ ಬೇಕಲ್ಲ." ಚಮಚ ಕೆಳಗಿಟ್ಟು ಅವಳನ್ನು ನೋಡಿದ. "ನೀನೇನು ಮಾಡ್ತೀಯ ಇವತ್ತು? ಕಾಲೇಜಿಲ್ಲ ತಾನೆ?"

"ಏನೂ ಇಲ್ಲ."

"ಹಾಗಾದ್ರೆ ಬಟ್ಟೆ ಹರವಿ ಬಾ. ದೋಣೀಲಿ ಆಚೆ ದಡಕ್ಕೆ ಹೋಗಿ ಬರೋಣ. ಮನೇಲಿದ್ರೆ ನಾನು ಕಪಾಟಿಗೂ ಕೈ ಹಾಕ್ತೀನಿ."

"ರಜೆಗೆ ಬಂದಿರೋದು ಹಡಗಿಂದ. ಮತ್ತೆ ದೋಣಿಗೇ ಹೋಗೋದಾ?"

"ಅಲ್ಲಿ ಮೂರು ಹೊತ್ತು ಅನ್ನ ಬೇಯಿಸ್ತಾ ಇರ್ತೀನಿ. ಸಮುದ್ರ ಕಂಡೋರು ಯಾರು?"

ಪಾಪು ಹೂಂ ಎಂದಳು. ಬೇಡ ಎನ್ನಲು ಒಂದು ಕಾರಣ ಬೇಕಾಗುತ್ತಿತ್ತು, ಅದನ್ನು ಹುಡುಕುವಷ್ಟು ಉಮೇದು ಅವಳಲ್ಲಿರಲಿಲ್ಲ.

ಕೊಲ್ಲಿಯ ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುವ ದೋಣಿ ಅದು. ದೋಣಿ ಎನ್ನುವುದು ಮಾತಿಗೆ, ಎರಡಂತಸ್ತಿನ ದೊಡ್ಡ ಕಬ್ಬಿಣದ ಪೆಟ್ಟಿಗೆ. ಬಿಳಿ ಬಣ್ಣದ ಮೇಲೆ ಮೊಳೆಮೊಳೆಯಿಂದ ತುಕ್ಕು ಇಳಿದಿತ್ತು. ಬೆಂಚುಗಳ ಕೆಳಗೆ ಕಿತ್ತಳೆ ಬಣ್ಣದ ಜೀವರಕ್ಷಕ ಅಂಗಿಗಳು ತುರುಕಿಕೊಂಡಿದ್ದವು. ಸೈಕಲ್ ತಳ್ಳಿಕೊಂಡು ಬಂದವರು, ತಳ್ಳುಗಾಡಿಯಲ್ಲಿ ಮಗು ಮಲಗಿಸಿಕೊಂಡು ಬಂದ ತಾಯಿ, ಐಸ್‌ಕ್ಯಾಂಡಿ ಚೀಪುವ ಮಕ್ಕಳು, ಎಲ್ಲರೂ ರಜೆಯ ಮುಖ ಹೊತ್ತಿದ್ದರು. ಎಂಜಿನ್ನು ಗುಡುಗುಟ್ಟಿದ ಕೂಡಲೇ ಭಾವನ ಕಿವಿ ನೆಟ್ಟಗಾಯಿತು. "ಇರು, ಕೆಳಗೆ ಯಾವ ಎಂಜಿನ್ ಹಾಕಿದಾರೆ ನೋಡಿ, ಹಂಗೇ ಟೀ ತರ್ತೀನಿ," ಎಂದು ಮೆಟ್ಟಿಲಿಳಿದು ಮಾಯವಾದ.

ಪಾಪು ಮೇಲಂತಸ್ತಿನ ಕಟಕಟೆಗೆ ಒರಗಿ ನಿಂತಳು. ದಡ ದೂರವಾಗುತ್ತಿರುವಾಗ ಫೋನು ಗುನುಗಿತು. ಅತ್ತೆಯ ವಿಡಿಯೋ ಕರೆ.

ಅತ್ತೆ ಎಂದರೆ ಅಪ್ಪನ ಸ್ವಂತ ಅಕ್ಕ. ತಮ್ಮನ ಹೆಂಡತಿಯ ಮದುವೆಗೆ ಅಡ್ಡಗಾಲು ಹಾಕುವವರಿದ್ದರೆ ಅವಳೇ ಎಂದು ಎಲ್ಲರೂ ಎಣಿಸಿದ್ದರು. ಅತ್ತೆ ಅಡ್ಡಗಾಲು ಹಾಕುವುದಿರಲಿ, ಸಾಕ್ಷಿ ಹಾಕಲು ಎಲ್ಲರಿಗಿಂತ ಮುಂಚೆ ರಿಜಿಸ್ಟ್ರಾರ್ ಆಫೀಸಿಗೆ ಬಂದು ಬೆಂಚು ಹಿಡಿದು ಕೂತಿದ್ದಳು.

"ಪಾಪು, ಕಾಣಿಸ್ತಿದೀನಾ?"

"ಹಣೆ ಕಾಣಿಸ್ತಿದೆ ಅತ್ತೆ. ಸ್ವಲ್ಪ ಕೆಳಗೆ ಹಿಡ್ಕೊಳ್ಳಿ."

ಅತ್ತೆಯ ಕಣ್ಣು, ಮೂಗು, ಹಿಂದೆ ಹಸಿರು ಬೀರು, ಕಿರ್ರೆನ್ನುವ ಫ್ಯಾನು ಒಂದೊಂದಾಗಿ ಬಂದವು. "ಸಾಹೇಬರು ಊಟಕ್ಕೆ ಹೋಗಿದಾರಂತೆ. ಕಾಯ್ತಾ ಕೂತಿದೀವಿ. ಈ ಫ್ಯಾನ್ ಸದ್ದು ಕೇಳಿ ತಲೆ ಚಿಟ್ಟು ಹಿಡೀತು. ನನ್ನ ತಮ್ಮ ಇದ್ದಿದ್ರೆ ಇಷ್ಟೊತ್ತಿಗೆ ಕುರ್ಚಿ ಹತ್ತಿ ಅದನ್ನ ಬಿಚ್ಚಿ ಹಾಕಿರ್ತಿದ್ದ." ಹೇಳಿದಮೇಲೆ ತಾನೇನು ಹೇಳಿದೆ ಎಂದು ಅತ್ತೆಗೇ ಹೊಳೆದಿರಬೇಕು. ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಕಣ್ಣು ಕಿರಿದುಮಾಡಿ ಫೋನಿನ ಹತ್ತಿರ ಬಂದಳು. "ಇರು ಇರು. ನಿನ್ನ ಹಿಂದುಗಡೆ ಅದೇನು ನೀರು?"

"ಸಮುದ್ರ."

"ಪರೀಕ್ಷೆಗೆ ಓದ್ತಾ ಇದಾಳೆ ಅಂದ್ಲು ನಿಮ್ಮಮ್ಮ. ಸಮುದ್ರದ ಮೇಲೆ ಕೂತು ಓದ್ತಾರಾ ನಿಮ್ಮ ಕಡೆ?"

"ನೀರಿನ ಸ್ಯಾಂಪಲ್ ತಗೊಳ್ಳೋಕೆ ಬಂದಿದೀನಿ ಅತ್ತೆ. ಪ್ರಾಕ್ಟಿಕಲ್." ನಾಲಿಗೆ ತನ್ನಷ್ಟಕ್ಕೆ ತಾನು ಸುಳ್ಳು ಹೆಣೆಯಿತು. ಅದೇ ಹೊತ್ತಿಗೆ ಕೆಂಪು ಐಸ್‌ಕ್ಯಾಂಡಿ ಹಿಡಿದ ಹುಡುಗಿಯೊಬ್ಬಳು ಅವಳ ಹೆಗಲ ಹಿಂದೆ ಬಂದು ಫೋನಿಗೆ ಕೈಬೀಸಿ ಹೋದಳು.

ಅತ್ತೆಯ ಕೈಯಿಂದ ಫೋನು ಬೇರೆ ಕೈಗೆ ಹೋಯಿತು. ಅಮ್ಮ. ತಿಳಿ ನೀಲಿ ಸೀರೆ, ಕೈಯಲ್ಲಿ ಎಂದಿನ ದೊಡ್ಡ ಡಯಲಿನ ವಾಚು. ಮೈದಾನದಲ್ಲಿ ಹುಡುಗಿಯರನ್ನು ಸಾಲು ನಿಲ್ಲಿಸುವಾಗ ನೋಡುವಂತೆ ಅಮ್ಮ ಅವಳನ್ನೂ ಅವಳ ಹಿಂದಿನ ನೀರನ್ನೂ ಆ ಕಡೆಯಿಂದ ಈ ಕಡೆಗೆ ಒಮ್ಮೆ ನೋಡಿದಳು. ಎಲ್ಲ ಗೊತ್ತಾಯಿತು ಎಂದು ಪಾಪುವಿಗೂ ಗೊತ್ತಾಯಿತು.

"ಗಾಳಿ ಜಾಸ್ತಿ ಇದ್ದ ಹಾಗಿದೆ," ಎಂದಳು ಅಮ್ಮ. "ಕಿವಿಗೆ ಏನಾದ್ರೂ ಕಟ್ಕೋ."

"ಹೂಂ."

"ಊಟ ಆಯ್ತಾ?"

"ಆಯ್ತು. ಸೀರೆ ಚೆನ್ನಾಗಿದೆ ಅಮ್ಮ."

"ಹಳೇದೇ," ಎಂದು ಅಮ್ಮ ಪಕ್ಕಕ್ಕೆ ತಿರುಗಿದಳು. ಅತ್ತೆಯ ಸ್ವರ ನಡುವೆ ನುಗ್ಗಿತು: "ಅವರ ಹತ್ರಾನೂ ಮಾತಾಡ್ಸೇ. ಏನಂತ ಕರೀತಾಳೋ ಕರೀಲಿ."

ಕನ್ನಡಕದ ಅಂಗಡಿಯವರು ಕಾಣಿಸಿಕೊಂಡರು. ಇಸ್ತ್ರಿ ಮಾಡಿದ ಅಂಗಿ, ಅಂಗಡಿಯಲ್ಲಿ ಕಾಣುತ್ತಿದ್ದಂಥದೇ. ಅವರ ಮುಖದಲ್ಲಿ ಬೆವರಿತ್ತು. "ಹೇಗಿದೀಯಮ್ಮ? ಕಣ್ಣಿನ ಪವರ್ ಜಾಸ್ತಿ ಏನೂ ಆಗಿಲ್ಲ ತಾನೆ?"

"ಇಲ್ಲ," ಎಂದಳು ಪಾಪು. ಅದರ ಹಿಂದೆ ಅಭ್ಯಾಸದಂತೆ ಬರಬೇಕಿದ್ದ ಅಂಕಲ್ ಎಂಬ ಪದ ನಾಲಿಗೆ ತುದಿಗೆ ಬಂದು ನಿಂತುಕೊಂಡಿತು. ಅಮ್ಮನ ಗಂಡನಾಗುವವರನ್ನು ಅಂಕಲ್ ಅನ್ನಬಹುದೋ ಬಾರದೋ. ಅಪ್ಪ ಅನ್ನುವ ಮಾತಂತೂ ಇಲ್ಲ. ಚಿಕ್ಕಪ್ಪ ಎಂದರೆ ಅಪ್ಪನಿಗೆ ಇಲ್ಲದ ತಮ್ಮನನ್ನು ಹುಟ್ಟಿಸಿದಂತೆ. ಅವರು ಕಾದರು, ಅವಳು ಕನ್ನಡಕ ಸರಿಮಾಡಿಕೊಂಡಳು. ಅಷ್ಟರಲ್ಲಿ ಜವಾನ ಬಂದು ಹೆಸರು ಕೂಗಿದ. ಎಲ್ಲರೂ ದಡಬಡಿಸಿ ಎದ್ದರು.

ಅಮ್ಮನ ಮದುವೆಯನ್ನು ಪಾಪು ನೋಡಿದ್ದು ಹೀಗೆ: ಒಂದಷ್ಟು ಫ್ಯಾನು, ಒಂದಷ್ಟು ಅತ್ತೆಯ ಹೆಬ್ಬೆರಳು, ಒಂದಷ್ಟು ನೆಲದ ಮೇಲಿನ ಚಪ್ಪಲಿಗಳು. "ಇಲ್ಲಿ, ಇಲ್ಲಿ, ಈ ಗೆರೆ ಮೇಲೆ," ಎನ್ನುವ ಗಂಡಸಿನ ಸ್ವರ. ಅಮ್ಮನ ಬಳೆ ಮೇಜಿಗೆ ತಾಗಿದ ಸದ್ದು. ಆಗಲೇ ದೋಣಿ ಎದುರಿನ ದಡ ಕಂಡು ಉದ್ದಕ್ಕೆ ಭೋಂಕರಿಸಿತು. ಆ ಸದ್ದು ಮುಗಿಯುವಷ್ಟರಲ್ಲಿ ಕರೆ ಕಟ್ಟಾಗಿತ್ತು. ಮದುವೆ ಮುಗಿಯಿತೋ ಇಲ್ಲವೋ ಎಂದು ಅವಳಿಗೆ ಖಾತ್ರಿಯಾದದ್ದು ಸ್ವಲ್ಪ ಹೊತ್ತಿನ ಮೇಲೆ, ಅತ್ತೆ ಕಳಿಸಿದ ಫೋಟೋ ಬಂದಾಗ. ಫೋಟೋದಲ್ಲಿ ಅಮ್ಮನೂ ಅವರೂ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ನಿಂತಿದ್ದರು.

ಭಾವ ಎರಡು ಕಾಗದದ ಲೋಟಗಳಲ್ಲಿ ಟೀ ಹಿಡಿದು ಬಂದ. "ಹಳೇ ಎಂಜಿನ್ನು. ಚೆನ್ನಾಗಿ ಇಟ್ಟಿದಾರೆ. ಯಾರ ಫೋನು?"

"ಮನೆಯಿಂದ."

"ಎಲ್ಲ ಚೆನ್ನಾಗಿದಾರಾ?"

"ಚೆನ್ನಾಗಿದಾರೆ."

ಆಚೆ ದಡದಲ್ಲಿ ಅವರಿಗೆ ಮಾಡುವಂಥದ್ದು ಏನೂ ಇರಲಿಲ್ಲ. ಅಂಗಡಿಬೀದಿಯಲ್ಲಿ ಸುತ್ತಿದರು. ಭಾವ ಒಂದು ದೊಡ್ಡ ಜಾಲರಿ ಸೌಟನ್ನು ತಿರುಗಿಸಿ ಮುರುಗಿಸಿ ನೋಡಿ, ಹೆಂಡತಿಯ ನೆನಪಾಗಿ ವಾಪಸಿಟ್ಟ. ಪಾಪು ಕಾಲುಚೀಲ ಕೊಂಡಳು. ಮರಳಿನ ಮೇಲೆ ಕೂತು ತಂದಿದ್ದ ಬ್ರೆಡ್ಡು ಮೊಟ್ಟೆ ತಿಂದರು. ಹೊಟ್ಟೆ ತುಂಬಿದಮೇಲೆ ಭಾವ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು ಅಂಗಾತ ಬಿದ್ದ. ಎರಡು ನಿಮಿಷದಲ್ಲಿ ಗೊರಕೆ ಶುರುವಾಯಿತು.

ಪಾಪು ಚಪ್ಪಲಿ ಬಿಟ್ಟು ನೀರಿನಂಚಿಗೆ ಹೋದಳು. ಅಲೆ ಬಂದು ಪಾದ ಮುಚ್ಚಿತು, ಹೋಯಿತು. ನೀರು ತಣ್ಣಗಿತ್ತು, ತಣ್ಣಗಿದೆ ಎಂದುಕೊಂಡಳು. ಯಾರದೋ ಮನೆಯ ಅಜ್ಜಿ, ಮಗ, ಸೊಸೆ, ಮೊಮ್ಮಕ್ಕಳು ಫೋಟೋ ತೆಗೆಯುತ್ತೀರಾ ಎಂದು ಅವಳ ಕೈಗೆ ಫೋನು ಕೊಟ್ಟರು. ತೆಗೆದಳು. ಅಜ್ಜಿ ಕಣ್ಣು ಮುಚ್ಚಿದ್ದರಿಂದ ಇನ್ನೊಂದು ತೆಗೆಯಬೇಕಾಯಿತು. "ಹತ್ತಿರ ಹತ್ತಿರ ನಿಂತ್ಕೊಳ್ಳಿ," ಎಂದು ಕೈಸನ್ನೆ ಮಾಡಿದಳು. ಅವಳು ಹೇಳಿದಂತೆ ಒತ್ತಿಕೊಂಡು ನಿಂತರು. ನಗುವ ಜನರ ಮುಂದೆ ಅವಳೂ ನಕ್ಕಳು, ಕೆನ್ನೆಯ ಮಾಂಸಖಂಡ ಎಳೆದದ್ದು ಗೊತ್ತಾಯಿತು.

ಸಂಜೆ ಮನೆಗೆ ಬಂದರೆ ಅಕ್ಕ ಡ್ಯೂಟಿ ಮುಗಿಸಿ ಬಿಸಿನೀರಿನ ಟಬ್ಬಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು. "ನನ್ನ ಚಮಚ ಎಲ್ಲಿ?" ಎಂಬುದು ಅವಳ ಮೊದಲ ಮಾತು. ಗಂಡ ಹೆಂಡಿರ ಜಟಾಪಟಿ ಒಂದಿಷ್ಟು ನಡೆಯಿತು. ಆಮೇಲೆ ಮೂವರೂ ಟಿ.ವಿ. ನೋಡಿದರು. ಪಾಪು ಬೇಗ ಮಲಗಿದಳು. ಮಲಗಿದ್ದೇ ತಡ ನಿದ್ದೆ ಬಂತು. ಬೆಳಿಗ್ಗೆ ಎದ್ದಾಗ ಅವಳಿಗೆ ಸೋಜಿಗವೆನಿಸಿದ್ದು ಅದೊಂದೇ, ಅಂಥ ದಿನವೂ ಸತ್ತಹಾಗೆ ನಿದ್ದೆ ಬಂತಲ್ಲ ಎಂಬುದು.

ಭಾನುವಾರ. ಅಕ್ಕ ಭಾವ ಇಬ್ಬರೂ ಸಂತೆಗೆ ಹೋಗಿದ್ದರು. ಪಾಪು ನಿನ್ನೆ ಒಣಗಿದ ಬಟ್ಟೆಯನ್ನು ಹಾಸಿಗೆಯ ಮೇಲೆ ಗುಡ್ಡೆಹಾಕಿಕೊಂಡು ಮಡಿಸುತ್ತಿದ್ದಳು. ಗುರುತಿಲ್ಲದ ನಂಬರಿನಿಂದ ಫೋನು ಬಂತು.

"ನಾನಮ್ಮ," ಎಂದಿತು ಗಂಡಸಿನ ಸ್ವರ. ಆಮೇಲೆ, ನಾನು ಎಂದರೆ ಯಾರು ಎಂದು ಹೇಳಬೇಕಾಯಿತಲ್ಲ ಎಂಬ ಪೇಚಾಟದಲ್ಲಿ, "ಕನ್ನಡಕದ ಅಂಗಡಿ," ಎಂದಿತು.

"ಹೇಳಿ."

"ಓದ್ತಾ ಇದ್ಯಾ? ತೊಂದ್ರೆ ಆಯ್ತೇನೋ."

"ಇಲ್ಲ, ಹೇಳಿ. ಅಮ್ಮ ಎಲ್ಲಿ?"

"ಅವರು ಹುಡುಗೀರನ್ನ ರಿಲೇ ಓಟಕ್ಕೆ ಕರ್ಕೊಂಡು ಹೋಗಿದಾರೆ. ಬೆಳಿಗ್ಗೇನೆ. ಇವತ್ತೊಂದು ದಿನ ಬೇರೆ ಟೀಚರ್‌ನ ಕಳ್ಸಿ ಅಂದೆ. ಅವರಿಗೆ ವಿಸಲ್ ಊದೋಕೆ ಬರಲ್ಲ ಅಂದ್ರು." ಅವರು ಗಂಟಲು ಸರಿಮಾಡಿಕೊಂಡರು. "ವಿಷಯ ಏನಂದ್ರೆ, ನಲ್ಲೀಲಿ ನೀರು ನಿಂತುಹೋಗಿದೆ. ಮೈಗೆಲ್ಲ ಸೋಪು ಹಚ್ಕೊಂಡ್ಮೇಲೆ ನಿಂತಿದ್ದು. ಕುಡಿಯೋ ನೀರಲ್ಲಿ ತೊಳ್ಕೊಂಡು ಬಂದೆ. ಮೋಟರ್ ಹಾಕೋಕೆ ನೋಡಿದ್ರೆ ಬರೀ ಗುಂಯ್ ಅನ್ನುತ್ತೆ, ನೀರು ಏರಲ್ಲ. ನಿಮ್ಮಮ್ಮನ್ನ ಕೇಳೋಣ ಅಂದ್ರೆ... ಮೊದಲನೇ ದಿನಾನೇ ಮನೇಲಿ ಏನೋ ಕೆಡಿಸಿದೀನಿ ಅಂದ್ಕೋತಾರೆ."

ಪಾಪು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. "ಕೆಟ್ಟಿಲ್ಲ ಅದು. ವಿಡಿಯೋ ಹಾಕಿ."

ಸ್ವಲ್ಪ ತಡವರಿಕೆಯ ನಂತರ ಅವಳ ಮನೆಯೇ ಕಣ್ಣೆದುರು ಬಂತು. ಅವರು ಫೋನನ್ನು ದೀಪದಂತೆ ಎದೆಯ ಮುಂದೆ ಹಿಡಿದು ನಡೆಯುತ್ತಿದ್ದರು. ಅಡುಗೆಮನೆ, ಬಚ್ಚಲ ಬಾಗಿಲು, ಹಿತ್ತಿಲ ಮೆಟ್ಟಿಲು. ಮೆಟ್ಟಿಲ ಪಕ್ಕದಲ್ಲಿ ಒಂದು ಜೊತೆ ಗಂಡಸರ ಚಪ್ಪಲಿ ಗೋಡೆಗೆ ತೀರ ಒತ್ತಿಕೊಂಡು, ನೆಂಟರ ಮನೆಯಲ್ಲಿ ಬಿಡುವಂತೆ ಇದ್ದವು.

"ಸಂಪಿನ ಪಕ್ಕದ ತಗಡು ಎತ್ತಿ. ಅದರ ಕೆಳಗೇ ಮೋಟರ್ ಇರೋದು. ಎತ್ತಿದ್ರಾ? ಮೊದಲು ಸ್ವಿಚ್ ಆಫ್ ಮಾಡಿ ಬನ್ನಿ."

"ಮಾಡಿದೆ."

"ಪಂಪಿನ ನೆತ್ತಿ ಮೇಲೆ ಒಂದು ಚಿಕ್ಕ ಮುಚ್ಚಳ ಇದೆ. ತಿರುಗಿಸಿ ತೆಗೀರಿ. ಅದರ ಬಾಯಿಗೆ ನೀರು ಹಾಕಿ, ತುಂಬಿ ಹೊರಗೆ ಬರೋ ತನಕ. ಒಳಗೆ ಗಾಳಿ ಸೇರ್ಕೊಂಡಿದೆ ಅಷ್ಟೆ."

ಅವರು ಫೋನನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒರಗಿಸಿಟ್ಟು, ಪಂಚೆ ಎತ್ತಿಕಟ್ಟಿ, ಚೊಂಬಿನಿಂದ ಸಣ್ಣಗೆ ನೀರು ಹೊಯ್ದರು. ಅಂಗಡಿಯಲ್ಲಿ ಗಾಜು ಕೂರಿಸುವಾಗ ಇರುತ್ತಿದ್ದ ಅದೇ ತಾಳ್ಮೆ. ಒಂದು ಹನಿ ಆಚೆ ಬೀಳಲಿಲ್ಲ.

"ಈಗ ಮುಚ್ಚಳ ಬಿಗಿ ಮಾಡಿ. ಪೈಪಿನ ವಾಲ್ವ್ ಅರ್ಧ ಮಾತ್ರ ತೆಗೀರಿ, ಪೂರ್ತಿ ತೆಗೀಬೇಡಿ. ಹೋಗಿ ಸ್ವಿಚ್ ಹಾಕಿ."

ಮೋಟರು ಮೊದಲು ಒಣಸದ್ದು ಮಾಡಿತು. ಪಾಪು ಕಿವಿಗೊಟ್ಟಳು. ಅಪ್ಪ ತಾನೇ ತಂತಿ ಸುತ್ತಿ ಕೂರಿಸಿದ ಮೋಟರು. ಅದರ ಸ್ವರ ಕೊರಕೊರ ಎಂದು ಎಡವಿ, ಒಮ್ಮೆ ಹೆಚ್ಚಾಗಿ, ಆಮೇಲೆ ಭಾರ ಹೊತ್ತವರ ಉಸಿರಿನಂತೆ ತಗ್ಗಿ ಒಂದೇ ಸಮನಾಯಿತು.

"ಈಗ ನೀರು ಹಿಡೀತು," ಎಂದಳು.

"ನಿಂಗೆ ಅಲ್ಲಿಂದಾನೇ ಗೊತ್ತಾಯ್ತಾ?"

"ಸದ್ದು ಬದಲಾಯ್ತಲ್ಲ."

ಅವರು ಪೈಪಿಗೆ ಕೈಯಿಟ್ಟು ನೋಡಿ ತಲೆಯಾಡಿಸಿದರು. ಟ್ಯಾಂಕು ತುಂಬುವವರೆಗೆ ಅಲ್ಲೇ ಇರಬೇಕು, ತುಂಬಿ ಚೆಲ್ಲುವಾಗ ಆಫ್ ಮಾಡಬೇಕು ಎಂದು ಪಾಪು ಹೇಳಿದಳು. ಆಗಲಿ ಎಂದು ಅವರು ಮೆಟ್ಟಿಲ ಮೇಲೆ ಕೂತರು. ಫೋನು ಇಡಲಿಕ್ಕೆ ಇಬ್ಬರಿಗೂ ತೋಚಲಿಲ್ಲ. ಅಲ್ಲಿ ಅವರು ಸಂಪಿನ ಕಡೆ ನೋಡುತ್ತ, ಇಲ್ಲಿ ಅವಳು ಬಟ್ಟೆ ಮಡಿಸುತ್ತ, ಇಬ್ಬರ ನಡುವೆ ಮೋಟರು ಓಡುತ್ತಿತ್ತು.

"ಒಂದು ಮಾತು," ಎಂದರು ಅವರು. "ಹಾಲಲ್ಲಿ ನಿಮ್ಮಪ್ಪನ ಫೋಟೋ ಇದೆಯಲ್ಲ. ಗಾಜು ಮಸುಕಾಗಿತ್ತು. ನನ್ನ ಹತ್ರ ಕನ್ನಡಕ ಒರೆಸೋ ಬಟ್ಟೆ ಇತ್ತು. ಕೈ ತಡೀಲಿಲ್ಲ, ಒರೆಸಿಬಿಟ್ಟೆ. ಆಮೇಲೆ ಅನ್ನಿಸ್ತು, ನಿಮ್ಮನ್ನ ಕೇಳ್ದೆ ಮುಟ್ಟಬಾರದಿತ್ತೇನೋ ಅಂತ. ತಪ್ಪಾಯ್ತಾ?"

ಪಾಪು ಯೋಚಿಸಿದಳು. ತಪ್ಪು ಎನ್ನಿಸುತ್ತದೋ ಎಂದು ಒಳಗೆಲ್ಲ ತಡಕಾಡಿದಳು. "ಇಲ್ಲ," ಎಂದಳು. "ಅಮ್ಮ ಒರೆಸಲ್ಲ. ಯಾವಾಗ್ಲೂ ನಾನೇ ಒರೆಸ್ತಿದ್ದಿದ್ದು."

"ಹಂಗಾದ್ರೆ ನೀನು ಬರೋವರೆಗೆ ನಾನು ನೋಡ್ಕೋತೀನಿ." ಒಮ್ಮೆ ಟ್ಯಾಂಕಿನ ಕಡೆ ನೋಡಿ, "ನಿನ್ನೆ ನಿಂಗೆ ಕಷ್ಟ ಆಯ್ತು, ನೋಡ್ದೆ. ನನ್ನನ್ನ ಏನೂ ಕರೀಬೇಕಾಗಿಲ್ಲಮ್ಮ. ಇಷ್ಟು ವರ್ಷ ಗಿರಾಕಿಗಳೆಲ್ಲ 'ರೀ' ಅಂತಾನೇ ಕರ್ದಿರೋದು. ನಿಮ್ಮಮ್ಮನೂ ಹಂಗೇ ಕರೀತಿದ್ರು, 'ರೀ, ನನ್ನ ಕನ್ನಡಕ ರೆಡಿ ಆಯ್ತೇನ್ರೀ' ಅಂತ." ಅವರು ತಲೆ ಕೆರೆದುಕೊಂಡರು. "ಅವರಿಗೆ ಈಗ ಬದಲಾಯಿಸೋ ಕಷ್ಟಾನೂ ಇಲ್ಲ."

ಪಾಪುವಿನ ಮೂಗಿನಿಂದ ಸಣ್ಣ ಗಾಳಿ ಹೊರಟಿತು. ನಗು ಎನ್ನುವುದಾದರೆ ನಗು. ಅಷ್ಟರಲ್ಲಿ ಮೇಲಿನಿಂದ ನೀರು ದಬದಬ ಸುರಿಯತೊಡಗಿತು; ಅವರು ಸ್ವಿಚ್ಚಿನ ಕಡೆ ಓಡಿದರು.

ಅಮ್ಮ ಫೋನು ಮಾಡಿದ್ದು ಓಟ ಮುಗಿಸಿ ಬಸ್ಸಿನಲ್ಲಿ ವಾಪಸು ಬರುವಾಗ. ಹಿಂದೆ ಹುಡುಗಿಯರ ಗದ್ದಲ.

"ಎರಡನೇ ಸ್ಥಾನ," ಎಂದಳು ಅಮ್ಮ. "ಮೂರನೇ ಹುಡುಗಿ ಕೋಲು ಬೀಳಿಸಿದ್ಲು. ಇಲ್ದಿದ್ರೆ ನಮ್ದೇ ಇತ್ತು."

"ಅಮ್ಮ," ಎಂದಳು ಪಾಪು. "ನಾಳೆ ಪರೀಕ್ಷೆ ಇಲ್ಲ."

"ಗೊತ್ತು."

"ನಿನ್ನೆ ಗೊತ್ತಾಯ್ತಾ?"

"ನೀನು ಹೇಳ್ದಾಗ್ಲೇ ಗೊತ್ತಾಯ್ತು. ಚಿಕ್ಕೋಳಿಂದ ಪರೀಕ್ಷೆ ಅಂದ್ರೆ ಹದಿನೈದು ದಿನ ಮುಂಚೆಯಿಂದ ನನ್ನ ಪ್ರಾಣ ತಿಂತಿದ್ದೋಳು ನೀನು. ಈ ಪರೀಕ್ಷೆ ಸುದ್ದಿ ಒಂದೇ ಮಾತಲ್ಲಿ ಮುಗಿದುಹೋಯ್ತು." ಅಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಂತೆ ಕೇಳಿಸಿತು. "ಒಂದು ಹೇಳ್ಲಾ? ನೀನು ಬರದೆ ಇದ್ದಿದ್ದು ಒಳ್ಳೇದಾಯ್ತು."

ಎರಡು ದಿನದಲ್ಲಿ ಮೊದಲ ಸಲ ಪಾಪುವಿನ ಎದೆಯಲ್ಲಿ ಎಲ್ಲೋ ಚುರುಕ್ ಎಂದಿತು. ಅಷ್ಟೇ ಬೇಗ ಮರೆಯಾಯಿತು. "ಯಾಕಮ್ಮ?"

"ನೀನು ಎದುರಿಗೆ ಕೂತಿದ್ರೆ ನನ್ನ ಕೈಯಲ್ಲಿ ಸೈನ್ ಹಾಕೋಕೆ ಆಗ್ತಿರಲಿಲ್ಲ. ನಿನ್ನ ಮುಖ ನೋಡ್ಕೊಂಡು ಎದ್ದು ಬಂದುಬಿಡ್ತಿದ್ದೆ."

"ನಾನು ಒಪ್ಪಿದ್ನಲ್ಲಮ್ಮ."

"ಒಪ್ಪಿದ್ದೆ. ತುಂಬ ಬೇಗ ಒಪ್ಪಿದ್ದೆ. ಅದಕ್ಕೇ ನಂಗೆ ಭಯ ಆಗಿದ್ದು."

ಬಸ್ಸಿನಲ್ಲಿ ಯಾರೋ ಹಾಡಲು ಶುರುಮಾಡಿದರು. ಅಮ್ಮ ಸುಮ್ಮನಿರಿಸಲಿಲ್ಲ.

"ಬೇಜಾರಾಗಿದ್ರೆ ಬೇಜಾರು ಅನ್ನು. ಕೋಪ ಇದ್ರೆ ಬೈಯಿ. ನಾನೇನು ಕರಗಿಹೋಗಲ್ಲ."

"ಏನೂ ಆಗ್ತಿಲ್ಲಮ್ಮ. ನಿಜವಾಗ್ಲೂ. ಸಂತೋಷಾನೂ ಇಲ್ಲ, ಬೇಜಾರೂ ಇಲ್ಲ. ಆಗ್ಬೇಕು ಅಂತ ಕಾಯ್ತಾ ಇದೀನಿ, ಏನೂ ಆಗ್ತಿಲ್ಲ."

"ನಿಮ್ಮಪ್ಪ ಹೋದಾಗ್ಲೂ ನೀನು ಹಿಂಗೇ ಇದ್ದೆ," ಎಂದಳು ಅಮ್ಮ. "ಬಂದೋರಿಗೆಲ್ಲ ಚಾಪೆ ಹಾಸ್ತಿದ್ದೆ, ನೀರು ಕೊಡ್ತಿದ್ದೆ. ಈ ಹುಡುಗಿ ಕಲ್ಲು ಅಂದೋರೂ ಇದಾರೆ. ಆಮೇಲೆ ಯಾವತ್ತೋ ಒಂದಿನ ಪೆನ್ಸಿಲ್ ಕಳೆದುಹೋಯ್ತು ಅಂತ ಜ್ವರ ಬರೋ ಹಂಗೆ ಅತ್ತಿದ್ದೆ. ನಂಗೆ ನೆನಪಿದೆ."

ಪಾಪುವಿಗೆ ಅದು ನೆನಪಿರಲಿಲ್ಲ.

"ಬರೋದು ಬರುತ್ತೆ, ಅದರ ಹೊತ್ತಿಗೆ. ಬಂದಾಗ ನಂಗೆ ಫೋನ್ ಮಾಡು. ಎಷ್ಟೊತ್ತಾದ್ರೂ ಸರಿ." ಆಮೇಲೆ ಅಮ್ಮನ ಸ್ವರ ಒಮ್ಮೆಲೇ ಮೈದಾನದ ಸ್ವರವಾಯಿತು: "ಏಯ್, ಕಿಟಕಿಯಿಂದ ಕೈ ಒಳಗೆ. ನಿಂಗೇ ಹೇಳಿದ್ದು. ಇಡ್ತೀನಿ ಕಣೇ, ಇವು ಬೀಳ್ತಾವೆ."

ಫೋನು ಇಟ್ಟಮೇಲೆ ಪಾಪು ಮಡಿಸಿದ ಬಟ್ಟೆಯನ್ನು ಕಪಾಟಿಗೆ ಸೇರಿಸಿ ಕೆಳಗಿಳಿದಳು. ಅಕ್ಕ ಭಾವ ಸಂತೆಯ ಚೀಲಗಳನ್ನು ಸುರುವಿಕೊಂಡು ಕೂತಿದ್ದರು. ಆಲೂಗಡ್ಡೆ ಒಂದು ಚೀಲಪೂರ್ತಿ ಬಂದಿತ್ತು; ಅದರ ಬಗ್ಗೆಯೇ ವಿಚಾರಣೆ ನಡೆಯುತ್ತಿತ್ತು. ಪಾಪು ಕುರ್ಚಿ ಎಳೆದುಕೊಂಡು ಕೂತು, ಬೀನ್ಸಿನ ತೊಟ್ಟು ಮುರಿಯುತ್ತ, "ನಿನ್ನೆ ನಮ್ಮಮ್ಮನ ಮದುವೆ ಆಯ್ತು," ಎಂದಳು.

ಅಕ್ಕ ಕತ್ತೆತ್ತಿದಳು. "ಯಾರದು?"

"ನಮ್ಮಮ್ಮಂದು. ದೋಣೀಲಿದ್ದಾಗ."

ಭಾವನ ಕೈಯಲ್ಲಿದ್ದ ಆಲೂಗಡ್ಡೆ ಕೈಯಲ್ಲೇ ಉಳಿಯಿತು. "ಎಲ್ಲ ಚೆನ್ನಾಗಿದಾರೆ ಅಂದ್ಯಲ್ಲ ನೀನು."

"ಚೆನ್ನಾಗೇ ಇದಾರೆ."

ಯಾರು, ಏನು, ಎತ್ತ ಎಂದು ಅಕ್ಕ ಕೇಳಿದಳು. ಪಾಪು ಕೇಳಿದ್ದಕ್ಕೆಲ್ಲ ಹೇಳಿದಳು. ವಾರ್ಡಿನ ಮುದುಕರು ಮಾತಾಡುವಾಗ ಕೇಳಿಸಿಕೊಳ್ಳುವಂತೆ ಅಕ್ಕ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು. ಕೊನೆಗೆ, "ನೀನು ಹೋಗ್ಬೇಕಿತ್ತು," ಎಂದಳು, ಬೈದಂತೇನೂ ಅಲ್ಲ.

"ಹೂಂ," ಎಂದಳು ಪಾಪು. "ಹೋಗ್ಬೇಕಿತ್ತೇನೋ."

"ನಿನ್ನೆ ಹೇಳಿದ್ರೆ ಏನಾದ್ರೂ ಸಿಹಿ ಮಾಡ್ತಿದ್ದೆನಲ್ಲೇ," ಎಂದ ಭಾವ. ಅವನಿಗೆ ನಿಜಕ್ಕೂ ಬೇಸರವಾಗಿತ್ತು. "ಮದುವೆ ದಿನ ಹುಡುಗೀಗೆ ಒಣ ಬ್ರೆಡ್ಡು ತಿನ್ನಿಸಿಕೊಂಡು ಬಂದಿದೀನಿ." ಎದ್ದು ಹಾಲು, ಮೊಟ್ಟೆ, ಸಕ್ಕರೆ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಹಡಗಿನಲ್ಲಿ ಯಾರದಾದರೂ ಹುಟ್ಟಿದ ದಿನ ಬಂದರೆ ಮಾಡುವ ಸಿಹಿ ಅದಂತೆ. ಅಕ್ಕ ದೊಡ್ಡ ಪಾತ್ರೆಯನ್ನು ಅವನ ಕೈಯಿಂದ ಕಿತ್ತುಕೊಂಡು ಚಿಕ್ಕದನ್ನು ಕೊಟ್ಟಳು. ಅವನು ನೋಡುವಷ್ಟು ನೋಡಿ, ಅವಳು ಬೆನ್ನು ತಿರುಗಿಸಿದಾಗ ದೊಡ್ಡದನ್ನೇ ಒಲೆಯ ಮೇಲಿಟ್ಟ.

"ಅಲ್ಲ, ಅವರು ನಮಗೆ ಏನಾಗ್ಬೇಕು ಈಗ?" ಎಂದು ಹಾಲು ತಿರುಗಿಸುತ್ತ ಕೇಳಿದ. "ಇವಳು ನಿಂಗೆ ತಂಗಿ. ಹಾಗಾದ್ರೆ ಇವಳಮ್ಮನ ಗಂಡ ನಂಗೆ ಮಾವ ಆಗ್ತಾರೆ."

"ಆಗ್ಲಿ. ನಿಮ್ಮ ಕನ್ನಡಕದ ಕಾಲು ಮುರಿದು ಎಷ್ಟು ದಿನ ಆಯ್ತು," ಎಂದಳು ಅಕ್ಕ. "ಮಾವನ ಹತ್ರ ಕಳ್ಸಿ."

ಸಿಹಿ ಆಗುವಷ್ಟರಲ್ಲಿ ಬೀನ್ಸು ಮುಗಿದಿತ್ತು. ಮೂವರೂ ಬಟ್ಟಲು ಹಿಡಿದು ಹಿತ್ತಿಲ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತರು. ಪಾಪು ಒಂದು ಚಮಚ ಬಾಯಿಗಿಟ್ಟಳು. ಸಕ್ಕರೆ ಸ್ವಲ್ಪ ಹೆಚ್ಚಾಗಿತ್ತು. ಹಾಗೆಂದು ಹೇಳಿದಳು. ಭಾವ ತಾನೂ ತಿಂದು ನೋಡಿ, ಹೌದು ಎಂದು ಒಪ್ಪಿಕೊಂಡ. ಅಕ್ಕ ಒಳಗೆ ಹೋಗಿ ಒಂದು ಲೋಟ ಹಾಲು ತಂದು ಮೂರು ಬಟ್ಟಲಿಗೂ ಹೊಯ್ದಳು. ಪಾಪು ತನ್ನ ಪಾಲನ್ನು ತಿಂದು ಮುಗಿಸಿದಳು, ಇನ್ನೊಂದಿಷ್ಟು ಹಾಕಿಸಿಕೊಂಡಳು. ಬೆಳಿಗ್ಗೆಯಿಂದ ತಾನು ಏನೂ ತಿಂದಿರಲಿಲ್ಲ ಎಂಬುದು ಅವಳಿಗೆ ಆಗಷ್ಟೇ ಗೊತ್ತಾಯಿತು.